ಹೆಬ್ಬೆರಳು ಗಾತ್ರದ ಬಟ್ಟಲು

ಕಳೆದ ವರ್ಷ ಜಗತ್ತೆಲ್ಲ ಕ್ವಾಂಟಮ್ ವರ್ಷವನ್ನು ಆಚರಿಸಿತು. ನನಗೆ ಅದು ತಲೆ ಚಿಟ್ಟು ಹಿಡಿಸಿದ ವರ್ಷ. ನಾನು ಧಾರವಾಡದಲ್ಲಿ ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ ಎಂದು ಗೊತ್ತಿದ್ದವರೆಲ್ಲ ಸಿಕ್ಕಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವವರೇ. ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ದೂರದ ಸಂಬಂಧದ ಕಾಕಾ, ಹೋಳಿಗೆಯ ಮೇಲೆ ಇನ್ನಷ್ಟು ತುಪ್ಪ ಹಾಕಿಸಿಕೊಳ್ಳುತ್ತ, "ಕ್ವಾಂಟಮ್ ಕಂಪ್ಯೂಟರ್ ಬಂದ್ರ ಬ್ಯಾಂಕಿನ ಪಾಸ್‌ವರ್ಡ್ ಎಲ್ಲಾ ಒಡದ ಹೋಗತಾವಂತಲ್ಲವಾ, ನಾ ಏನ್ ಮಾಡ್ಲಿ ಈಗ?" ಎಂದು ಕೇಳಿದರು. ತುಪ್ಪ ಕಡಿಮೆ ಮಾಡ್ರಿ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ನಮ್ಮ ಮನೆಯಿಂದ ಬಸ್ಸಿಗೆ ಹೋಗುವ ದಾರಿಯಲ್ಲೇ, ಗಾದಿ ಮಾರುವ ಅಂಗಡಿಯೊಂದು ತನ್ನ ಗಾದಿಗೂ ಕ್ವಾಂಟಮ್ ಎಂದು ಬೋರ್ಡು ಬರೆಸಿತ್ತು. ದಿನಾ ಬೆಳಿಗ್ಗೆ ಅದನ್ನು ನೋಡಿ ಸಿಟ್ಟು ಮಾಡಿಕೊಂಡೇ ನಾನು ಧಾರವಾಡದ ಬಸ್ಸು ಹತ್ತುತ್ತಿದ್ದೆ.

ನಾನು ಮಾಡುತ್ತಿದ್ದ ಕೆಲಸಕ್ಕೂ ಕಾಕಾ ಅವರ ಪಾಸ್‌ವರ್ಡಿಗೂ ಯಾವ ಸಂಬಂಧವೂ ಇರಲಿಲ್ಲ. ನಿಕ್ಕಲ್ ಬೆರೆತ ಒಂದು ಕಪ್ಪು ಪುಡಿಯನ್ನು ಕುಲುಮೆಯಲ್ಲಿ ಬೇಯಿಸಿ ತಯಾರಿಸುವುದು, ಅದನ್ನು ಯಂತ್ರದಲ್ಲಿಟ್ಟು ಸಾಧ್ಯವಾದಷ್ಟು ತಣ್ಣಗೆ ಮಾಡುವುದು, ಅದು ಅತಿವಾಹಕ ಆಗುತ್ತದೆಯೋ ಇಲ್ಲವೋ ನೋಡುವುದು, ಇಷ್ಟೇ. ಅತಿವಾಹಕ ಎಂದರೆ ವಿದ್ಯುತ್ತು ಒಂದಿಷ್ಟೂ ಸೋರದೆ ಹರಿಯುವ ವಸ್ತು. ಅದಕ್ಕೆ ಇನ್ನೊಂದು ಹಟವಿದೆ: ಅದು ಕಾಂತದ ಬಲವನ್ನು ತನ್ನೊಳಗೆ ಬಿಟ್ಟುಕೊಳ್ಳುವುದಿಲ್ಲ, ಹೊರಗೇ ತಡೆಯುತ್ತದೆ. ನಾವು ಹುಡುಕುತ್ತಿದ್ದದ್ದು ಈ ಹಟವನ್ನು. ಕೆಲವು ವರ್ಷಗಳಿಂದ ಹೊರದೇಶದ ಪ್ರಯೋಗಾಲಯಗಳು ನಿಕ್ಕಲ್ ಆಕ್ಸೈಡುಗಳಲ್ಲಿ ಅತಿವಾಹಕತೆ ಕಂಡದ್ದಾಗಿ ಒಂದರ ಮೇಲೊಂದು ಸುದ್ದಿ ಕೊಡುತ್ತಿದ್ದವು. ನಮ್ಮ ಪುಡಿಯೂ ಅದೇ ಬಳಗದ್ದು. ಐದು ವರ್ಷ ಅದು ತೆಪ್ಪಗೆ ಕೂತಿತ್ತು.

ಈ ವರ್ಷದ ಮಾರ್ಚ್ ಮುಗಿಯುವುದರೊಳಗೆ ಪ್ರಬಂಧ ಒಪ್ಪಿಸದಿದ್ದರೆ ನನ್ನ ಪಿಎಚ್‌ಡಿ ನೋಂದಣಿ ರದ್ದಾಗುತ್ತಿತ್ತು. ಎರಡು ಸಾರೆ ಅವಧಿ ವಿಸ್ತರಿಸಿಕೊಂಡಾಗಿತ್ತು, ಮೂರನೇ ಸಾರೆ ಇಲ್ಲ ಎಂದು ಕಚೇರಿಯವರು ಲಿಖಿತವಾಗಿಯೇ ತಿಳಿಸಿದ್ದರು. ಪ್ರಬಂಧದ ಎಲ್ಲ ಅಧ್ಯಾಯಗಳೂ ಸಿದ್ಧವಿದ್ದವು, ಕೊನೆಯದೊಂದನ್ನು ಬಿಟ್ಟು. ಆ ಕೊನೆಯ ಅಧ್ಯಾಯದಲ್ಲಿ ಏನಾದರೂ ಕಾಣಿಸಬೇಕು ಎಂದು ನನ್ನ ಗೈಡ್ ಪಟ್ಟು ಹಿಡಿದಿದ್ದರು. ಅವರನ್ನು ನಾವೆಲ್ಲ ಬರೀ ಸರ್ ಎನ್ನುತ್ತಿದ್ದೆವು. "ಏನೂ ಸಿಗಲಿಲ್ಲ ಅಂತ ಬರದ್ರ ಪರೀಕ್ಷಕರು ಹೊಸಾದ್ ಏನೈತಿ ಅಂತ ಕೇಳತಾರ. ಇನ್ನೊಂದ ಸಾರೆ ಅಳಿ" ಎನ್ನುವರು. ಐದು ವರ್ಷದಲ್ಲಿ ಈ ಮಾತನ್ನು ಎಷ್ಟು ಸಾರೆ ಕೇಳಿದ್ದೆನೆಂದರೆ, ಅವರು ಬಾಗಿಲಲ್ಲಿ ಕಂಡರೆ ಸಾಕು ನನ್ನ ಹಲ್ಲು ತಾವಾಗಿಯೇ ಕಚ್ಚಿಕೊಳ್ಳುತ್ತಿದ್ದವು.

ಅಳೆಯುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಯಂತ್ರ ತಣ್ಣಗಾಗಲು ಅರ್ಧ ದಿನ ಬೇಕು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಕರೆಂಟು ಬೇರೆ ಹೊತ್ತಿನಲ್ಲಿ ಹೋಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ, ನಾನು ಅಳೆಯುವಾಗ ತಪ್ಪದೆ ಹೋಗುತ್ತಿತ್ತು. ಥರ್ಮಾಮೀಟರಿನ ಮೇಲಂತೂ ನನಗೆ ನಂಬಿಕೆಯೇ ಇರಲಿಲ್ಲ. ಯಂತ್ರವನ್ನು ಹಳೆಯ ಕೋಣೆಯಿಂದ ಹೊಸದಕ್ಕೆ ಸಾಗಿಸಿದಾಗಿನಿಂದ ಅದು ಅರ್ಧ ಡಿಗ್ರಿ ಹೆಚ್ಚು ಕಡಿಮೆ ತೋರಿಸುತ್ತದೆ ಎಂಬ ಗುಮಾನಿ ನನ್ನದು. ಸರ್ ಅದನ್ನು ಒಪ್ಪುತ್ತಿರಲಿಲ್ಲ. ನಮ್ಮ ಡಿಗ್ರಿಗಳು ಹವಾಮಾನ ವರದಿಯ ಡಿಗ್ರಿಗಳಲ್ಲ; ನಿಸರ್ಗದಲ್ಲಿ ಇದಕ್ಕಿಂತ ತಣ್ಣಗೆ ಏನೂ ಆಗಲಾರದು ಎನ್ನುವ ಕಟ್ಟಕಡೆಯ ಮಟ್ಟವನ್ನು ಸೊನ್ನೆ ಎಂದಿಟ್ಟುಕೊಂಡು ಅಲ್ಲಿಂದ ಮೇಲಕ್ಕೆ ಎಣಿಸುವ ಡಿಗ್ರಿಗಳು. ನಮ್ಮ ಯಂತ್ರ ಮೂರರವರೆಗೆ ಇಳಿಯುತ್ತಿತ್ತು. ಅಷ್ಟು ಕೆಳಗೆ ಅರ್ಧ ಡಿಗ್ರಿ ಎಂದರೆ ದೊಡ್ಡ ಮಾತು.

ಇಷ್ಟರ ನಡುವೆ ಡಿಸೆಂಬರಿನಲ್ಲಿ ಬಟ್ಟಲು ಕೈಕೊಟ್ಟಿತು. ಪುಡಿ ಹಾಕುವ ಆ ತಾಮ್ರದ ಬಟ್ಟಲು ನನ್ನ ಹೆಬ್ಬೆರಳಿನಷ್ಟು ಗಾತ್ರದ್ದು. ಅದರ ಸುತ್ತ ತಂತಿಯ ಸುರುಳಿ ಇರುತ್ತದೆ, ಒಳಗಿನ ವಸ್ತು ಕಾಂತದ ಬಲವನ್ನು ತಡೆದರೆ ಸುರುಳಿಗೆ ತಿಳಿಯುತ್ತದೆ. ಆ ಬಟ್ಟಲಿನ ತಳದ ಬೆಸುಗೆ ಬಿಟ್ಟುಕೊಂಡಿತ್ತು. ಯಂತ್ರ ಮಾಡಿದ ಹೊರದೇಶದ ಕಂಪನಿಗೆ ಬರೆದರೆ, ಹೊಸದು ಬರಲು ನಾಲ್ಕು ತಿಂಗಳು ಎಂದು ಉತ್ತರ ಬಂತು. ನಾಲ್ಕು ತಿಂಗಳೆಂದರೆ ಏಪ್ರಿಲ್. ಗೋಕುಲ ರಸ್ತೆಯ ವರ್ಕ್‌ಶಾಪುಗಳಿಗೆ ಹಿಡಿದುಕೊಂಡು ಅಲೆದೆ. ಒಬ್ಬರು ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, "ಮೇಡಮ್, ನಾವು ಟ್ರಾಕ್ಟರ್ ಸಾಮಾನು ಮಾಡೋರು, ಇದನ್ನ ಹಿಡಿಯೂದರಾಗ ಕಳದ ಹೋಗತೈತಿ" ಎಂದು ವಾಪಸ್ಸು ಕೊಟ್ಟರು.

ಅವ್ವನಿಗೆ ಇದು ಗೊತ್ತಾದದ್ದೇ, "ಚಾಚಾ ಇರೂತನಾ ಊರೆಲ್ಲಾ ಯಾಕ ತಿರಗತೀ?" ಎಂದಳು. ಚಾಚಾ ಎಂದರೆ ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ತಾಮ್ರ ಹಿತ್ತಾಳೆ ಪಾತ್ರೆಗಳ ರಿಪೇರಿ ಮಾಡುವ ವಯಸ್ಸಾದ ಕುಶಲಕರ್ಮಿ. ನಮ್ಮಜ್ಜಿಯ ಕಾಲದಿಂದ ನಮ್ಮ ಮನೆಯ ಹಂಡೆ, ಚರಿಗೆ, ಪಾತ್ರೆಗಳಿಗೆಲ್ಲ ಕಲಾಯಿ ಹಾಕಿಕೊಟ್ಟವರು ಅವರೇ. ಚಿಕ್ಕವಳಿದ್ದಾಗ ಅವ್ವನ ಜೊತೆ ಹೋಗಿ ಅವರ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಕಾಯ್ದ ಪಾತ್ರೆಯಲ್ಲಿ ಅವರು ಅರಿವೆ ತಿರುವಿದ ಕೂಡಲೇ ಒಳಮೈಯೆಲ್ಲ ಫಳಫಳ ಬೆಳ್ಳಗಾಗುವುದನ್ನು ಬಾಯಿ ತೆರೆದು ನೋಡಿದ್ದೆ.

ಈ ಸಾರೆ ಹೋದಾಗ ನೋಡಲು ಪುರುಸೊತ್ತಿರಲಿಲ್ಲ. ಚಾಚಾ ಬಟ್ಟಲನ್ನು ಕನ್ನಡಕದ ಹತ್ತಿರ ಹಿಡಿದರು.

"ಇದೇನ್ ಬೇಟಿ, ಇಷ್ಟ ಸಣ್ಣದು? ಕೂಸಿಗೆ ಔಷಧ ಕುಡಸೂದೇನು?"

"ಅಲ್ರಿ ಚಾಚಾ, ನಮ್ಮ ಲ್ಯಾಬಿನ ಮಷೀನಿಂದು. ತಳದ ಬೆಸುಗೆ ಬಿಟ್ಟೈತಿ. ಈ ಬೆಳ್ಳಿ ಕಡ್ಡೀಲೆ ಹಚ್ಚಿ ಕೊಡ್ರಿ. ಗಾಳಿ ಸೈತ ಹಾಯಬಾರದು."

"ಒಳಗ ಏನ್ ಹಾಕತೀರಿ?"

"ಪುಡಿ ಹಾಕತೇವ್ರಿ."

"ಎಂಥಾ ಪುಡಿ?"

"ಅದೆಲ್ಲಾ ಯಾಕ್ ಬೇಕ್ರಿ ಚಾಚಾ, ಲಗೂ ಮಾಡಿ ಕೊಡ್ರಿ. ನನಗ ಹೊತ್ತಾಗೈತಿ."

ಅವರು ಬೇಜಾರು ಮಾಡಿಕೊಳ್ಳಲಿಲ್ಲ. ತಲೆ ಆಡಿಸಿ ಬಟ್ಟಲನ್ನು ಜೇಬಿಗೆ ಹಾಕಿಕೊಂಡರು. ಮೂರನೇ ದಿನ ಹೋದಾಗ ಪೇಪರಿನಲ್ಲಿ ಸುತ್ತಿ ಇಟ್ಟಿದ್ದರು. "ಬಿಚ್ಚಿ ನೋಡಿಕೊಂಡ ಹೋಗು ಬೇಟಿ, ಬಾಳ ಮನಸ್ಸಿಟ್ಟ ಮಾಡೇನಿ" ಎಂದರು. ಮನೆಗೆ ಹೋಗಿ ನೋಡುತ್ತೇನೆಂದು ಹೇಳಿ, ನಿಂತಿದ್ದ ಆಟೋ ಹತ್ತಿದೆ.

ಮಾರನೇ ದಿನ ಲ್ಯಾಬಿನಲ್ಲಿ ಬಿಚ್ಚಿದಾಗ ಒಳಗಡೆ ಬೆಳ್ಳಗಿತ್ತು. ಬೆಸುಗೆಯ ಬೆಳ್ಳಿ ಸ್ವಲ್ಪ ಒಳಗೆ ಹರಡಿಕೊಂಡಿರಬೇಕು ಎಂದುಕೊಂಡೆ. ಬೆಳ್ಳಿಯಿಂದ ನಮ್ಮ ಅಳತೆಗೆ ಏನೂ ತೊಂದರೆಯಿಲ್ಲ. ಗಾಳಿ ಸೋರುತ್ತದೆಯೋ ಎಂದು ಪರೀಕ್ಷಿಸಿದರೆ ಒಂದಿಷ್ಟೂ ಸೋರಲಿಲ್ಲ, ಕಂಪನಿಯ ಬೆಸುಗೆಗಿಂತ ಅಚ್ಚುಕಟ್ಟಾಗಿತ್ತು. ಪುಡಿ ತುಂಬಿ ಯಂತ್ರ ಚಾಲೂ ಮಾಡಿದೆ.

ಅವತ್ತು ಕರೆಂಟು ಹೋಗಲಿಲ್ಲ. ಮಧ್ಯಾಹ್ನ ನಾಲ್ಕರ ಸುಮಾರಿಗೆ, ಐದು ವರ್ಷ ಅಡ್ಡಡ್ಡ ಮಲಗಿದ್ದ ಗೆರೆ ಪರದೆಯ ಮೇಲೆ ಒಮ್ಮೆಲೇ ಕೆಳಗೆ ಇಳಿಯಿತು. ಥರ್ಮಾಮೀಟರು ಮೂರು ಪಾಯಿಂಟ್ ಏಳು ಡಿಗ್ರಿ ತೋರಿಸುತ್ತಿತ್ತು. ಕೂತಲ್ಲಿಂದಲೇ ಸರ್ ಎಂದು ಕೂಗಿದೆ. ಸರ್ ಓಡಿ ಬಂದು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಮೂವತ್ತು ವರ್ಷ ಪಾಠ ಮಾಡಿದ ಆ ಮನುಷ್ಯ, "ಬಂತಲ್ಲವಾ! ಬಂತಲ್ಲ!" ಎಂದು ಸಣ್ಣ ಹುಡುಗನ ಹಾಗೆ ಮೇಜು ಬಡಿದರು.

ಎರಡನೇ ಸಾರೆ ಬೇರೆ ಪುಡಿ ತಯಾರಿಸಿ ಅಳೆದೆವು. ಮತ್ತೆ ಬಂತು, ಅದೇ ಜಾಗದಲ್ಲಿ. ಈ ಸಾರೆ ಪುಡಿ ಮೊದಲಿನದರ ಅರ್ಧದಷ್ಟೇ ಇತ್ತು, ಆದರೆ ಗೆರೆ ಮೊದಲಿನಷ್ಟೇ ಇಳಿದಿತ್ತು. ಅರ್ಧ ಪುಡಿಗೆ ಅರ್ಧ ಇಳಿಯಬೇಕು. ಇದು ಬಿಎಸ್ಸಿ ಹುಡುಗಿಗೂ ತಿಳಿಯುವ ಮಾತು. ನಾನು ಸರ್‌ಗೆ ಹೇಳಿದೆ. "ಎರಡನೇ ಪುಡಿ ಹೆಚ್ಚು ಶುದ್ಧ ಇರಬೇಕು" ಎಂದರು. ನಾನು ಹೂಂ ಎಂದೆ. ಅದೇ ಉತ್ತರ ನನಗೂ ಬೇಕಾಗಿತ್ತು.

ಖಾಲಿ ಬಟ್ಟಲನ್ನು ಯಾಕೆ ಅಳೆಯಲಿಲ್ಲ ಎಂದು ಯಾರಾದರೂ ಕೇಳಬಹುದು. ಅಳೆದಿದ್ದೆವು, ಎರಡು ವರ್ಷದ ಹಿಂದೆ. ಬಟ್ಟಲಿನದೇ ಆದ ಸಣ್ಣ ಪರಿಣಾಮವನ್ನು ಲೆಕ್ಕದಿಂದ ಕಳೆಯಲು ಅದು ಕಂಪ್ಯೂಟರಿನಲ್ಲಿತ್ತು. ಒಂದು ಅಳತೆಗೆ ಒಂದು ದಿನ ಹೋಗುವಾಗ, ಮಾರ್ಚ್ ಎದುರಿಗೆ ನಿಂತಿರುವಾಗ, ಖಾಲಿ ಬಟ್ಟಲಿಗೆ ಯಾರು ದಿನ ಕೊಡುತ್ತಾರೆ? ಹಾಗಂತ ಬೇರೆ ಲೋಹದ ಕಲಬೆರಕೆ ಇರಬಹುದೆಂಬುದನ್ನು ಮರೆತಿರಲಿಲ್ಲ. ಪುಸ್ತಕದ ಕೋಷ್ಟಕ ತೆಗೆದು ನೋಡಿದ್ದೆ: ಯಾವ ಲೋಹ ಎಷ್ಟು ಡಿಗ್ರಿಗೆ ಅತಿವಾಹಕ ಆಗುತ್ತದೆ ಎಂದು. ಸೀಸ ಏಳರ ಮೇಲೆ. ತವರ ಮೂರು ಪಾಯಿಂಟ್ ಏಳು. ಆದರೆ ನಮ್ಮ ಸುರುಳಿಯೊಳಗೆ ತವರ ಎಲ್ಲಿಂದ ಬರಬೇಕು? ಅಲ್ಲದೆ ಥರ್ಮಾಮೀಟರೇ ಸರಿಯಿಲ್ಲ. ಪುಸ್ತಕ ಮುಚ್ಚಿದೆ. ಸರ್ ಮತ್ತು ನಾನು ಒಂದು ವಾರ ಕೂತು ಚಿಕ್ಕ ಲೇಖನ ಬರೆದು ಒಂದು ಜರ್ನಲ್ಲಿಗೆ ಕಳಿಸಿದೆವು. ಮೊದಲ ಹೆಸರು ನನ್ನದು, ಕೊನೆಯದು ಅವರದು. ನಾನು ಕೊನೆಯ ಅಧ್ಯಾಯ ಬರೆಯಲು ಕೂತೆ, ಅವತ್ತು ಮೊದಲ ಸಾರೆ ಗಾದಿ ಅಂಗಡಿಯ ಬೋರ್ಡು ನೋಡಿ ನಗು ಬಂತು.

ಫೆಬ್ರವರಿಯ ಒಂದು ರವಿವಾರ ನಾನು ರೊಟ್ಟಿ ತಿನ್ನುತ್ತಿದ್ದೆ. ಹಳೇ ಹುಬ್ಬಳ್ಳಿಗೆ ಹೋಗಿದ್ದ ಅವ್ವ ಎರಡು ಪಾತ್ರೆ ಹಿಡಿದುಕೊಂಡು ಬಂದಳು. ಅವುಗಳನ್ನು ಅಡುಗೆ ಕಟ್ಟೆಯ ಮೇಲೆ ಬೋರಲು ಹಾಕುತ್ತ, "ಚಾಚಾ ನಿನ್ನ ಕೇಳಾಕತ್ತಿದ್ರು. ನಿನ್ನ ಸಣ್ಣ ಬಟ್ಟಲಕ್ಕ ಹಾಕಿದ ಕಲಾಯಿ ಹಿಡದೈತೋ ಬಿಟ್ಟೈತೋ ಅಂತ" ಎಂದಳು.

ಕಲಾಯಿ ಎಂದರೆ ತವರ. ಶುದ್ಧ ತವರ. ಕಾಯ್ದ ತಾಮ್ರದ ಮೇಲೆ ನವಸಾಗರದ ಪುಡಿ ಉದುರಿಸಿ, ತವರ ಕರಗಿಸಿ, ಅರಿವೆಯಿಂದ ಒಳಮೈಗೆಲ್ಲ ಸವರುವುದು. ಅದನ್ನು ನಾನು ಆರು ವರ್ಷದವಳಿದ್ದಾಗಿನಿಂದ ನೋಡಿದ್ದೇನೆ. ಅದೇ ಬೆಳ್ಳನೆ ಹೊಳಪನ್ನು ಕೈಯಲ್ಲಿ ಹಿಡಿದು, ಕೋಷ್ಟಕದಲ್ಲಿ ತವರ ಎಂದು ಓದಿ, ತವರ ಎಲ್ಲಿಂದ ಬರಬೇಕು ಎಂದು ಕೇಳಿದ ಮಹಾ ಪಂಡಿತೆ ನಾನು.

"ಕಲಾಯಿ ಹಾಕು ಅಂತ ಅವರಿಗೆ ಹೇಳಿದವರು ಯಾರು?" ಎಂದು ಚೀರಿದೆ.

"ಯಾಕ ಹೇಳಬೇಕವಾ? ತಾಂಬ್ರದ್ದು ಹಂಗ ಕೊಟ್ರ ಕಿಲುಬು ಹತ್ತೂದಿಲ್ಲೇನು?" ಎಂದಳು ಅವ್ವ. ಅವಳಿಗೆ ನಾನು ಯಾಕೆ ಚೀರುತ್ತಿದ್ದೇನೆ ಎಂಬುದೇ ತಿಳಿಯಲಿಲ್ಲ.

ನಾಚಿಕೆಯ ಮಾತು, ಆದರೂ ಹೇಳುತ್ತೇನೆ: ನಾನು ಮರುದಿನ ಖಾಲಿ ಬಟ್ಟಲನ್ನು ಅಳೆಯಲಿಲ್ಲ. ಲ್ಯಾಬಿಗೆ ಹೋಗಿ ಕೊನೆಯ ಅಧ್ಯಾಯದ ಚಿತ್ರಗಳ ಅಂಚು ಸರಿಮಾಡುತ್ತ ಕೂತೆ. ಅಳೆಯುವ ತನಕ ಏನೂ ನಿಶ್ಚಯವಾಗಿರುವುದಿಲ್ಲ ಎಂದು ನಮ್ಮ ವಿಷಯದಲ್ಲಿ ಹೇಳುತ್ತಾರೆ. ಅದು ಕಣಗಳ ಮಾತು, ಕಲಾಯಿಯದಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಒಂದು ದಿನವೆಲ್ಲ ಅದನ್ನೇ ಹಿಡಿದುಕೊಂಡು ಕೂತಿದ್ದೆ. ಯಾರಿಗೂ ಗೊತ್ತಿಲ್ಲ. ಚಾಚಾಗೆ ಭೌತಶಾಸ್ತ್ರ ಗೊತ್ತಿಲ್ಲ, ಸರ್‌ಗೆ ಚಾಚಾ ಗೊತ್ತಿಲ್ಲ. ನಾನು ಬಾಯಿ ಮುಚ್ಚಿಕೊಂಡರೆ ಮಾರ್ಚ್‌ನಲ್ಲಿ ಪ್ರಬಂಧ ಹೋಗುತ್ತದೆ, ಪದವಿ ಬರುತ್ತದೆ.

ಮಂಗಳವಾರ ಆ ಸಿಟ್ಟನ್ನೆಲ್ಲ ಹೊತ್ತುಕೊಂಡು ಚಾಚಾರ ಅಂಗಡಿಗೆ ಹೋದೆ.

"ಕೇಳದ ಯಾಕ ಕಲಾಯಿ ಹಾಕಿದ್ರಿ ಚಾಚಾ?"

"ಪುಡಿ ಹಾಕತೇವಿ ಅಂತ ನೀನ ಹೇಳಿದಿ ಬೇಟಿ. ಎಂಥಾ ಪುಡಿ ಅಂತ ಕೇಳಿದೆ, ಹೇಳಲಿಲ್ಲ. ತಿನ್ನೂದೋ, ಔಷಧೋ, ನನಗೇನ ಗೊತ್ತು? ಕಲಾಯಿ ಇಲ್ಲದ ತಾಂಬ್ರದಾಗ ಹಾಕಿ ಯಾರಿಗರ ಏನರ ಆದ್ರ? ಅದಕ್ಕ ಹಾಕಿ ಕೊಟ್ಟೆ."

ಅವರು ಕೇಳಿದ್ದರು. ಹೊತ್ತಾಗಿದೆ ಎಂದವಳು ನಾನು. ಹಾಗಾದರೆ ಅದನ್ನು ತೆಗೆದುಕೊಡಿ ಎಂದೆ. ಚಾಚಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕಲಾಯಿ ಹಾಕೂದ ಕಲತೇನಿ. ತಗಿಯೂದು ನಮ್ಮ ಕಡೆ ಯಾರೂ ಕೇಳಿಲ್ಲ, ನಾನೂ ಕಲತಿಲ್ಲ. ತಗದ್ರ ನನ್ನ ಕೈಗೆ ಹೆಸರು ಬರೂದಿಲ್ಲ" ಎಂದು ಕುಲುಮೆಯ ಕಡೆ ತಿರುಗಿದರು. ಅವರಿಗೂ ಸಿಟ್ಟು ಬಂದಿತ್ತು. ಬರಬೇಕಾದದ್ದೇ.

ಬುಧವಾರ ಬೆಳಿಗ್ಗೆ ಬಟ್ಟಲನ್ನು ಖಾಲಿ ಮಾಡಿ, ಒರೆಸಿ, ಪುಡಿಯ ಕಣವೂ ಇಲ್ಲದಂತೆ ಮಾಡಿ ಯಂತ್ರದಲ್ಲಿಟ್ಟೆ. ಕರೆಂಟಾದರೂ ಹೋಗಲಿ ಎಂದು ಜೀವನದಲ್ಲಿ ಮೊದಲ ಸಾರೆ ಬೇಡಿಕೊಂಡೆ. ಹೋಗಲಿಲ್ಲ. ಮೂರು ಪಾಯಿಂಟ್ ಏಳಕ್ಕೆ ಗೆರೆ ಇಳಿಯಿತು. ಒಳಗೆ ಏನೂ ಇಲ್ಲದೆ ಅಷ್ಟೇ ಆಳಕ್ಕೆ.

ಗೆರೆಯನ್ನು ಪ್ರಿಂಟ್ ಮಾಡಿಕೊಂಡು ಸರ್ ಕೋಣೆಗೆ ಹೋದೆ. ಚಾಚಾ, ಅವ್ವ, ಕಲಾಯಿ, ಹೊತ್ತಾಗಿದೆ ಎಂದದ್ದು, ಎರಡು ದಿನ ಸುಮ್ಮನಿದ್ದದ್ದು, ಎಲ್ಲ ಹೇಳಿದೆ. ಅವರು ಕಾಗದವನ್ನು ಕೈಗೆ ತೆಗೆದುಕೊಂಡರು.

"ಎಷ್ಟಕ್ಕ ಬಂತು?"

"ಮೂರು ಪಾಯಿಂಟ್ ಏಳು."

"ಪುಸ್ತಕದಾಗೂ ಅಷ್ಟ ಐತಿ" ಎಂದರು. ಆಮೇಲೆ ಮೆಲ್ಲಗೆ, "ಅಂದ್ರ ಥರ್ಮಾಮೀಟರ್ ಖರೇ ಐತಿ."

ನನಗೆ ತಡೆಯಲಾಗಲಿಲ್ಲ. "ನನ್ನ ಐದು ವರ್ಷ ಹೋದೂ ಸರ್, ನೀವು ಥರ್ಮಾಮೀಟರ್ ಅಂತೀರಲ್ರಿ!" ಎಂದುಬಿಟ್ಟೆ. ಅವರು ಬೈಯಲಿಲ್ಲ. "ಆಸಿಡ್‌ನಾಗ ತೊಳಿ. ಮತ್ತ ಪುಡಿ ಹಾಕು, ಮತ್ತ ಅಳಿ. ಬಂದದ್ದ ಬರಿ. ಏನೂ ಬರಲಿಲ್ಲ ಅಂದ್ರ ಏನೂ ಇಲ್ಲ ಅಂತ ಬರಿ. ಮೂರು ಡಿಗ್ರಿತನಾ ಇಲ್ಲ ಅಂತ ಈಗ ನಂಬಿಕಿಲೆ ಹೇಳಬಹುದು" ಎಂದರು.

ಪ್ರಬಂಧದ ಮಾತು ಇಲ್ಲೇ ಮುಗಿಸಿಬಿಡುತ್ತೇನೆ. ತೊಳೆದು ಅಳೆದಾಗ ಗೆರೆ ಮತ್ತೆ ಅಡ್ಡಡ್ಡ ಮಲಗಿತು. ಹಾಗೆಯೇ ಬರೆದು, ಗಡುವಿಗೆ ಮೂರು ದಿನ ಮೊದಲು ಒಪ್ಪಿಸಿದೆ. ಹೊಸದೇನಿದೆ ಎಂದು ಪರೀಕ್ಷಕರು ಕೇಳಿಯೇ ಕೇಳಿದರು. ಪದವಿ ಬಂತು, ಆದರೆ ನಾನು ಅಂದುಕೊಂಡಂಥ ಸಂತೋಷ ಬರಲಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಬುಧವಾರ ಸಂಜೆ. ಜರ್ನಲ್ಲಿಗೆ ಕಳಿಸಿದ ಲೇಖನವನ್ನು ಹಿಂದಕ್ಕೆ ಪಡೆಯಬೇಕಿತ್ತು. ನಾನೇ ಪತ್ರ ಬರೆದೆ: ಬಟ್ಟಲಿಗೆ ತವರದ ಲೇಪ ಇದ್ದದ್ದನ್ನು ನಾನು ಗಮನಿಸಲಿಲ್ಲ, ರಿಪೇರಿಯ ನಂತರ ಖಾಲಿ ಬಟ್ಟಲನ್ನು ಅಳೆಯಲಿಲ್ಲ, ತಪ್ಪು ನನ್ನದು ಎಂದು. ಕೆಳಗೆ ನನ್ನ ಹೆಸರು ಹಾಕಿ ಸರ್ ಮುಂದೆ ಇಟ್ಟೆ. ಈ ವಿಷಯದಲ್ಲಿ ಕೆಲಸ ಮಾಡುವವರು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು ಜನ. ಇಂಥ ಪತ್ರ ಯಾರದೆಂದು ಎಲ್ಲರಿಗೂ ಗೊತ್ತಾಗುತ್ತದೆ, ವರ್ಷಗಟ್ಟಲೆ ನೆನಪಿಡುತ್ತಾರೆ. ನಾನು ಇನ್ನು ಕೆಲಸ ಹುಡುಕಿಕೊಂಡು ಹೋಗಬೇಕಾದದ್ದು ಅವರ ಬಾಗಿಲಿಗೇ.

ಸರ್ ಪತ್ರ ಓದಿದರು. ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡು, ಒಂದೊಂದೇ ಬೆರಳಿನಿಂದ ಕುಟ್ಟುತ್ತ, ‘ನಾನು’ ಎಂದಿದ್ದ ಕಡೆಯೆಲ್ಲ ತಾವೇ ಹೇಳುವ ಹಾಗೆ ತಿದ್ದಿದರು: ಖಾಲಿ ಬಟ್ಟಲಿನ ಅಳತೆಯನ್ನು ನಾನು ಕೇಳಬೇಕಿತ್ತು, ಕೇಳಲಿಲ್ಲ. ವಿದ್ಯಾರ್ಥಿನಿ ಸಂಶಯ ಹೇಳಿದಾಗ ತಳ್ಳಿಹಾಕಿದವನು ನಾನು. ತಪ್ಪನ್ನು ಕಂಡುಹಿಡಿದವಳು ಆಕೆ. ಕೆಳಗಿದ್ದ ನನ್ನ ಹೆಸರನ್ನು ಅಳಿಸಿ ತಮ್ಮ ಹೆಸರನ್ನಷ್ಟೇ ಬರೆದರು.

"ಹಂಗ ಬ್ಯಾಡ್ರಿ ಸರ್, ಅದು ಖರೇ ಅಲ್ಲ" ಎಂದೆ.

"ಖರೇ ಐತಿ" ಎಂದು ಹೇಳಿ, ನಾನು ಕೈ ಚಾಚುವುದರೊಳಗೆ ಕಳಿಸಿಬಿಟ್ಟರು. ಅದಕ್ಕೂ ನನಗೆ ಸಿಟ್ಟೇ ಬಂತು. ಬಾಗಿಲು ದಬ್ಬಿಕೊಂಡು ಹೊರಗೆ ಹೋಗಿ, ಮೆಟ್ಟಿಲ ಮೇಲೆ ಕೂತು ಅತ್ತೆ.